ಸ್ವಹಸ್ತ ಕ್ಷೌರ

ಮನುಷ್ಯನು ತನ್ನ ದೇಹದ ನಿತ್ಯಸೇವೆಯನ್ನು ಬಹುಮಟ್ಟಿಗೆ ತಾನೇ ಮಾಡಿಕೊಳ್ಳುತ್ತಾನೆ. ಹಲ್ಲುಜ್ಜುವುದಕ್ಕಾಗಲಿ, ಸ್ನಾನಕ್ಕಾಗಲಿ, ಉಗುರು ತೆಗೆದುಕೊಳ್ಳುವುದಕ್ಕಾಗಲಿ ನಾವು ಇನ್ನೊಬ್ಬರನ್ನು ಕರೆಯುವುದಿಲ್ಲ. ತಲೆಗೂದಲಿನ ವಿಷಯದಲ್ಲಿ ಮಾತ್ರ ತಿಂಗಳಿಗೊಮ್ಮೆ ಇನ್ನೊಬ್ಬರ ಮುಂದೆ ಕುಳಿತು, ಕೊರಳನ್ನೇ ಅವರ ಕತ್ತರಿಯ ವಶಕ್ಕೆ ಒಪ್ಪಿಸಿ, ‘ಬಗ್ಗಿಸಿ’ ಎಂದರೆ ಬಗ್ಗಿಸುತ್ತೇವೆ, ‘ಎತ್ತಿ’ ಎಂದರೆ ಎತ್ತುತ್ತೇವೆ. ಮನೆಯಲ್ಲಿ ಕತ್ತರಿಯೂ ಉಂಟು, ಕನ್ನಡಿಯೂ ಉಂಟು, ದೇವರು ಕೊಟ್ಟ ಎರಡು ಕೈಗಳೂ ಉಂಟು. ಹಾಗಿದ್ದರೂ ಈ ಒಂದು ಕೆಲಸಕ್ಕೆ ಪರರನ್ನು ಏಕೆ ಆಶ್ರಯಿಸಬೇಕು? ಈ ಪ್ರಶ್ನೆಯನ್ನು ಕೇಳಿಕೊಳ್ಳದೆಯೇ ಕತ್ತರಿ ಹಿಡಿದ ಧೀರರು ಪ್ರತಿಯೊಂದು ತರಗತಿಯಲ್ಲಿಯೂ ಇರುತ್ತಾರೆ. ಸೋಮವಾರ ಬೆಳಿಗ್ಗೆ ಅಂತಹವನು ಟೋಪಿ ಧರಿಸಿ ಬಂದರೆ ‘ಟೋಪಿ ತೆಗೆ’ ಎಂದು ಗುರುಗಳು ಹೇಳಬೇಕಾಗಿಲ್ಲ. ಹಿಂದಿನ ಬೆಂಚಿನವರು ಆ ಕಾರ್ಯವನ್ನು ಅದಾಗಲೇ ನೆರವೇರಿಸಿರುತ್ತಾರೆ.

ಈ ಪ್ರಶ್ನೆ ನಮ್ಮ ಮುಂಬಯಿಯ ಮನೆಮನೆಯ ಬಾಗಿಲಿಗೂ ಒಮ್ಮೆ ಬಂದು ನಿಂತದ್ದುಂಟು. 2020ರ ಮಾರ್ಚ್ 25ರಿಂದ ಕೋವಿಡ್ ಸಾಂಕ್ರಾಮಿಕದ ನಿಮಿತ್ತ ದೇಶದಲ್ಲೆಲ್ಲ ಲಾಕ್‌ಡೌನ್ ಜಾರಿಗೆ ಬಂದು ಸಲೂನುಗಳು ಮುಚ್ಚಿದವು. ಮಹಾರಾಷ್ಟ್ರದಲ್ಲಿ ಅವು ಮರಳಿ ಬಾಗಿಲು ತೆರೆದದ್ದು ಜೂನ್ 28ರಂದು; ಅದೂ ಕೂದಲು ಕತ್ತರಿಸುವುದಕ್ಕಷ್ಟೆ, ಗಡ್ಡ ಹೆರೆಯುವುದಕ್ಕೆ ಆಗ ಅಪ್ಪಣೆ ಇರಲಿಲ್ಲ. ಮಾರ್ಚ್ 25ರಿಂದ ಲೆಕ್ಕ ಹಿಡಿದರೆ 95 ದಿನಗಳಾದವು. ಮುಂದಿನ ವರ್ಷ ಏಪ್ರಿಲ್ ತಿಂಗಳಲ್ಲಿ ಮತ್ತೊಮ್ಮೆ ಮುಚ್ಚಿದವು. ಆ ಕಾಲದಲ್ಲಿ ಚಾಳಿನ ಗ್ಯಾಲರಿಗಳೂ ಫ್ಲ್ಯಾಟಿನ ಬಚ್ಚಲುಮನೆಗಳೂ ಸಲೂನುಗಳಾಗಿ ಮಾರ್ಪಟ್ಟವು. ಅಕ್ಕ ತಮ್ಮನ ತಲೆಯನ್ನೂ, ಮಗ ತಂದೆಯ ತಲೆಯನ್ನೂ, ಹೆಂಡತಿ ಗಂಡನ ತಲೆಯನ್ನೂ ಕೈಗೆತ್ತಿಕೊಂಡರು. ಯಾರೂ ಸಿಕ್ಕದವರು ತಮ್ಮ ತಲೆಗೆ ತಾವೇ ಕೈಹಾಕಿದರು. ಅಂದಿನ ಅನುಭವದಿಂದ ನಗರಕ್ಕೆ ಒಂದು ಸಂಗತಿ ತಿಳಿದುಬಂದಿತು: ಇನ್ನೊಬ್ಬರ ತಲೆಯನ್ನು ಸುಮಾರಾಗಿ ಕತ್ತರಿಸಲು ಯಾರಾದರೂ ಕಲಿಯಬಹುದು, ತನ್ನ ತಲೆಯನ್ನು ತಾನೇ ಕತ್ತರಿಸಿಕೊಳ್ಳುವುದು ಮಾತ್ರ ಬೇರೆಯೇ ವಿದ್ಯೆ. ಹೀಗೇಕೆಂಬುದನ್ನು ತಿಳಿದರೆ ಮನೆಯಲ್ಲಿ ಕೆಲಸ ಮಾಡುವ ಸರಿಯಾದ ದಾರಿಯೂ ತಾನಾಗಿ ಹೊಳೆಯುತ್ತದೆ.

ಮೊದಲು ಕೂದಲನ್ನೇ ವಿಚಾರಿಸೋಣ. ನಮ್ಮ ತಲೆಯ ಚರ್ಮದಲ್ಲಿ ಸುಮಾರು 1 ಲಕ್ಷ ಕೂದಲಿನ ಕುಳಿಗಳಿವೆ. ಜೀವವಿರುವುದು ಕುಳಿಯ ತಳದ ಬೇರಿನಲ್ಲಿ ಮಾತ್ರ. ಹೊರಗೆ ಕಾಣುವ ಎಳೆಗೆ ಜೀವವಿಲ್ಲ, ನರವಿಲ್ಲ, ರಕ್ತವಿಲ್ಲ. ಆದುದರಿಂದಲೇ ಎಳೆದರೆ ನೋಯುತ್ತದೆ, ಕತ್ತರಿಸಿದರೆ ನೋಯುವುದಿಲ್ಲ. ಎಳೆಯು ಕೆರಟಿನ್ ಎಂಬ ಗಟ್ಟಿಯಾದ ಪ್ರೋಟೀನಿನಿಂದ ಆದದ್ದು. ಉಗುರೂ ದನದ ಕೊಂಬಿನ ಹೊರಕವಚವೂ ಇದೇ ದ್ರವ್ಯ. ಇದರಲ್ಲಿ ಗಂಧಕ ಹೆಚ್ಚಾಗಿರುವುದರಿಂದಲೇ ಸುಟ್ಟ ಕೂದಲಿಗೆ ಆ ಕಮಟು ವಾಸನೆ. ಎಳೆಯು ತಿಂಗಳಿಗೆ ಸುಮಾರು 1 ಸೆಂಟಿಮೀಟರು ಬೆಳೆಯುತ್ತದೆ. ಆ 95 ದಿನಗಳಲ್ಲಿ ನಗರದ ಒಂದೊಂದು ತಲೆಯ ಮೇಲೂ 3 ಸೆಂಟಿಮೀಟರಿಗಿಂತ ತುಸು ಹೆಚ್ಚು ಕೂದಲು ಬೆಳೆದಿರಬೇಕು. ಈ ಒಂದು ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು. ಕತ್ತರಿಯ ತಪ್ಪಿಗೆ ಪ್ರಕೃತಿ ವಿಧಿಸುವ ಶಿಕ್ಷೆಯ ಅವಧಿಯನ್ನು ಇದರಿಂದಲೇ ಎಣಿಸಬಹುದು.

ಬೋಳಿಸಿದರೆ ಕೂದಲು ದಟ್ಟವಾಗಿ ಹುಟ್ಟುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಬೇರು ಚರ್ಮದ ಒಳಗಿರುವಾಗ ಹೊರಗೆ ಓಡಾಡಿದ ಕತ್ತರಿಯ ಸುದ್ದಿ ಅದಕ್ಕೆ ತಲುಪುವುದಾದರೂ ಹೇಗೆ? ಅಮೆರಿಕದ ಅಂಗರಚನಾಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ ಅವರು 1928ರಲ್ಲಿಯೇ ಇದನ್ನು ಪರೀಕ್ಷಿಸಿ, ಹೆರೆಯುವುದರಿಂದ ಕೂದಲಿನ ಬೆಳವಣಿಗೆ ಬದಲಾಗುವುದಿಲ್ಲವೆಂದು ತೋರಿಸಿದರು. ಕತ್ತರಿ ತಾಗದ ಎಳೆಯ ತುದಿ ಸೂಜಿಯಂತೆ ಸಣ್ಣಗಾಗುತ್ತ ಹೋಗಿರುತ್ತದೆ. ಕತ್ತರಿಸಿದ ಎಳೆಯ ತುದಿ ಕೊಯ್ದ ಜೋಳದ ದಂಟಿನಂತೆ ಮೊಂಡಾಗಿರುತ್ತದೆ. ಮುಟ್ಟಿದರೆ ಒರಟಾಗಿಯೂ ನೋಡಿದರೆ ದಪ್ಪವಾಗಿಯೂ ತೋರುವುದು ಈ ಕಾರಣದಿಂದ. ಅಜ್ಜಿಯವರೊಡನೆ ವಾದಕ್ಕೆ ನಿಲ್ಲಬೇಕೆಂದಲ್ಲ; ತಿಳಿದಿರಲಿ ಎಂದು ಹೇಳಿದೆವು.

ಕೂದಲಿನ ಇನ್ನೊಂದು ಗುಣವು ಹೊಸಬರನ್ನು ಹೆಚ್ಚಾಗಿ ಮೋಸಗೊಳಿಸುತ್ತದೆ. ಒದ್ದೆಯಾದ ಕೂದಲು ಒಣಕೂದಲಿಗಿಂತ ಸುಲಭವಾಗಿ ಹಿಗ್ಗುತ್ತದೆ. ಗುಂಗುರು ಕೂದಲಂತೂ ನೀರು ತಾಗಿದೊಡನೆ ನೆಟ್ಟಗೆ ಇಳಿದು ಎಷ್ಟೋ ಉದ್ದವಾಗಿ ಕಾಣುತ್ತದೆ. ಒಣಗಿದೊಡನೆ ಮತ್ತೆ ಮೇಲಕ್ಕೆ ಸೇರಿಕೊಳ್ಳುತ್ತದೆ. ಸಲೂನಿನಲ್ಲಿ ನೀರು ಚಿಮುಕಿಸಿ ಕತ್ತರಿಸುವುದನ್ನು ನೋಡಿದ ಹುಡುಗನು ಮನೆಯಲ್ಲಿಯೂ ಹಾಗೆಯೇ ಮಾಡುತ್ತಾನೆ. ಹಣೆಯ ಮೇಲಿನ ಕೂದಲನ್ನು ಹುಬ್ಬಿನ ಮಟ್ಟಕ್ಕೆ ಸರಿಯಾಗಿ ಕತ್ತರಿಸುತ್ತಾನೆ. ಅರ್ಧ ಗಂಟೆಯ ಮೇಲೆ ನೋಡಿದರೆ ಅದು ಹಣೆಯ ನಡುವಿನಲ್ಲಿ ನಿಂತಿರುತ್ತದೆ! ಕಸುಬುದಾರರು ಈ ಕುಗ್ಗುವಿಕೆಯನ್ನು ಮೊದಲೇ ಮನಸ್ಸಿನಲ್ಲಿ ಕಳೆದಿರುತ್ತಾರೆ. ಆ ಲೆಕ್ಕ ಬಾರದವರು ಕೂದಲನ್ನು ಒಣಗಿಸಿ, ಬಾಚಿ, ಅದು ನಿತ್ಯ ಇರುವ ಸ್ಥಿತಿಯಲ್ಲಿಯೇ ಕತ್ತರಿಸುವುದು ಕ್ಷೇಮ.

ಇನ್ನು ಕನ್ನಡಿಯ ವಿಚಾರ. ಸ್ವಹಸ್ತ ಕ್ಷೌರದ ಕಷ್ಟವೆಲ್ಲ ಇಲ್ಲಿಯೇ ಅಡಗಿರುವುದರಿಂದ ಇದನ್ನು ತುಸು ವಿಸ್ತಾರವಾಗಿ ನೋಡಬೇಕು. ‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ’ ಎಂಬ ಗಾದೆ ನಮ್ಮಲ್ಲಿದೆ. ಹಿಂದಲೆಗೆ ಒಂದು ಕನ್ನಡಿ ಸಾಲದು, ಎರಡು ಬೇಕು. ಎರಡು ದೊರೆತ ಮೇಲೂ ತೊಂದರೆ ತೀರುವುದಿಲ್ಲ.

ಕನ್ನಡಿಯಲ್ಲಿ ಎಡಬಲಗಳು ಅದಲುಬದಲಾಗುತ್ತವೆಂದು ನಾವು ಕೇಳಿದ್ದೇವೆ. ಒಮ್ಮೆ ಪರೀಕ್ಷಿಸಿ ನೋಡೋಣ. ಕನ್ನಡಿಯ ಮುಂದೆ ನಿಂತು ಬಲಗೈಯನ್ನು ಬಲಕ್ಕೆ ಚಾಚಿದರೆ ಬಿಂಬದ ಕೈಯೂ ನಮ್ಮ ಬಲಗಡೆಗೇ ಚಾಚುತ್ತದೆ. ಮೇಲಕ್ಕೆತ್ತಿದರೆ ಮೇಲಕ್ಕೇ ಹೋಗುತ್ತದೆ. ಆದರೆ ಕೈಯನ್ನು ಕನ್ನಡಿಯ ಕಡೆಗೆ ಮುಂದಕ್ಕೆ ನೀಡಿದರೆ ಬಿಂಬದ ಕೈ ನಮ್ಮ ಕಡೆಗೇ ಬರುತ್ತದೆ! ಕನ್ನಡಿಯು ತಿರುಗಿಸುವುದು ಎಡಬಲಗಳನ್ನಲ್ಲ, ಹಿಂದುಮುಂದುಗಳನ್ನು. ತಲೆ ಬಾಚುವುದಕ್ಕೆ ಇದರಿಂದ ಬಾಧೆಯಿಲ್ಲ. ಬಾಚಣಿಗೆ ತಲೆಗೆ ತಾಗಿಯೇ ಓಡುತ್ತದೆ, ಚರ್ಮವೇ ಅದಕ್ಕೆ ದಾರಿ ಹೇಳುತ್ತದೆ. ಕತ್ತರಿಗೆ ಹಾಗಲ್ಲ. ಅದು ತಲೆಯಿಂದ ಎರಡು ಬೆರಳು ದೂರದಲ್ಲಿ, ಗಾಳಿಯಲ್ಲಿ, ಸರಿಯಾದ ಓರೆಯಲ್ಲಿ ನಿಲ್ಲಬೇಕು. ಕತ್ತರಿಯ ಮೂತಿಯನ್ನು ಕಿವಿಯಿಂದ ಹಿಂದಕ್ಕೆ ಸರಿಸಬೇಕೆಂದು ಬುದ್ಧಿ ಹೇಳುತ್ತದೆ. ಕಣ್ಣು ಬಿಂಬವನ್ನು ನೋಡಿ ಅದಕ್ಕೆ ವಿರುದ್ಧವಾದ ದಿಕ್ಕನ್ನು ಸೂಚಿಸುತ್ತದೆ. ಇಬ್ಬರು ಯಜಮಾನರ ನಡುವಿನ ಆಳಿನಂತೆ ಕೈ ತಡವರಿಸುತ್ತದೆ. ಕಿವಿಯ ತುದಿಗೆ ಗಾಯವಾಗುವುದು ಬಹುತೇಕ ಈ ಗಳಿಗೆಯಲ್ಲಿಯೇ.

ಎರಡು ಕನ್ನಡಿಗಳನ್ನು ಬಳಸಿದಾಗ ನಡೆಯುವುದು ಇನ್ನೂ ಸ್ವಾರಸ್ಯದ ಸಂಗತಿ. ಗೋಡೆಯ ಕನ್ನಡಿಗೆ ಬೆನ್ನು ಮಾಡಿ ನಿಂತು, ಕೈಗನ್ನಡಿಯನ್ನು ಮುಖದ ಮುಂದೆ ಹಿಡಿದರೆ ಅದರಲ್ಲಿ ನಮ್ಮ ಹಿಂದಲೆ ಕಾಣುತ್ತದೆ. ಮೊದಲನೆಯ ಕನ್ನಡಿ ಹಿಂದುಮುಂದು ಮಾಡಿದ್ದನ್ನು ಎರಡನೆಯದು ಮತ್ತೆ ತಿರುಗಿಸುತ್ತದೆ; ಗಣಿತದಲ್ಲಿ ಋಣವನ್ನು ಋಣದಿಂದ ಗುಣಿಸಿದರೆ ಧನ ಬರುವಂತೆ ಇಲ್ಲಿಯೂ ಎರಡು ತಪ್ಪುಗಳು ಸೇರಿ ಸರಿಯಾಗುತ್ತವೆ. ಕನ್ನಡಿಗಳೆರಡೂ ಸಮಾಂತರವಾಗಿದ್ದರೆ ಕಾಣುವ ದೃಶ್ಯವು ನಮ್ಮ ಮುಂದೆ ಬೆನ್ನು ತಿರುಗಿಸಿ ಕುಳಿತ ಗೆಳೆಯನ ಹಿಂದಲೆಯನ್ನು ನೋಡಿದಂತೆಯೇ ಇರುತ್ತದೆ. ಹಾಗಾದರೆ ಕೆಲಸ ಸುಲಭವಾಗಬೇಕಾಗಿತ್ತಲ್ಲವೆ? ಆಗುವುದಿಲ್ಲ. ಹುಟ್ಟಿದಾರಭ್ಯ ಒಂದೇ ಕನ್ನಡಿಯನ್ನು ನೋಡಿ ಪಳಗಿದ ಕೈಗೆ ಈ ಸರಿಯಾದ ದೃಶ್ಯವೇ ತಪ್ಪಾಗಿ ತೋರುತ್ತದೆ. ಮೇಲಾಗಿ, ಕೈಗನ್ನಡಿ ಸ್ವಲ್ಪ ಓರೆಯಾದರೂ ದೃಶ್ಯ ಅದರ ಇಮ್ಮಡಿ ಓರೆಯಾಗುತ್ತದೆ. ಕನ್ನಡಿ 10 ಅಂಶ ತಿರುಗಿದರೆ ಪ್ರತಿಫಲಿತ ಕಿರಣ 20 ಅಂಶ ತಿರುಗುತ್ತದೆಂಬುದು ಭೌತಶಾಸ್ತ್ರದ ಪಾಠ. ಕನ್ನಡಿ ಹಿಡಿದ ಕೈ ನಡುಗದೆ ಇರುವುದುಂಟೆ? ಇನ್ನೂ ಒಂದು ಕೊರತೆ ಎಲ್ಲಕ್ಕಿಂತ ದೊಡ್ಡದು. ಒಂದು ಕೈ ಕನ್ನಡಿಗೆ, ಒಂದು ಕೈ ಕತ್ತರಿಗೆ. ಬಾಚಣಿಗೆಯನ್ನು ಹಿಡಿಯುವವರಾರು? ಬಾಚಣಿಗೆ ಎತ್ತಿ ಹಿಡಿಯದ ಕೂದಲನ್ನು ಕತ್ತರಿಸುವುದೆಂದರೆ ಕಣ್ಣು ಕಟ್ಟಿಕೊಂಡು ಹುಲ್ಲು ಕೊಯ್ದಂತೆಯೇ ಸರಿ.

ತಲೆಯ ಭಂಗಿಯನ್ನೂ ಮರೆಯಬಾರದು. ಬೆನ್ನ ಹಿಂದಿನ ಕನ್ನಡಿಯನ್ನು ಇಣುಕಿ ನೋಡುವವನು ತಲೆಯನ್ನು ಬಾಗಿಸಿ, ಹೊರಳಿಸಿ, ಭುಜವನ್ನೆತ್ತಿ ವಿಚಿತ್ರವಾಗಿ ನಿಂತಿರುತ್ತಾನೆ. ಬಾಗಿದ ಹಿಂಗತ್ತಿನ ಚರ್ಮ ಹಿಗ್ಗಿರುತ್ತದೆ. ಆಗ ನೇರವಾಗಿ ಎಳೆದ ಗೆರೆಯು ತಲೆ ನೆಟ್ಟಗಾದ ಮೇಲೆ ನೇರವಾಗಿ ಉಳಿಯುವುದಿಲ್ಲ. ಒಂದು ಕಡೆ ಮೇಲೇರಿತೆಂದು ಇನ್ನೊಂದು ಕಡೆ ಕತ್ತರಿಸುತ್ತಾನೆ; ಈಗ ಅದು ಮೇಲೇರಿತೆಂದು ಮೊದಲಿನದನ್ನು ಮತ್ತೆ ಸರಿಪಡಿಸುತ್ತಾನೆ. ಎರಡು ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯ ನ್ಯಾಯ ಇಲ್ಲಿ ನಡೆಯುತ್ತದೆ. ತಕ್ಕಡಿ ಸಮವಾಗುವ ಹೊತ್ತಿಗೆ ಬೆಣ್ಣೆಯೇ ಇರುವುದಿಲ್ಲ.

ಇಷ್ಟು ತಿಳಿದ ಮೇಲೆ ನಮ್ಮ ಅಭಿಪ್ರಾಯ ಇದು: ಮನೆಯಲ್ಲಿ ಕ್ಷೌರ ಮಾಡಬೇಕಾಗಿ ಬಂದರೆ ಒಬ್ಬರ ತಲೆಯನ್ನು ಇನ್ನೊಬ್ಬರು ಮಾಡುವುದೇ ಸರಿ. ಅಣ್ಣನ ತಲೆಯನ್ನು ತಮ್ಮ, ತಮ್ಮನ ತಲೆಯನ್ನು ಅಣ್ಣ. ಮೊದಲು ಯಾರ ತಲೆ ಎಂಬ ವ್ಯಾಜ್ಯ ಹುಟ್ಟುವುದು ಸಹಜ. ಎರಡನೆಯವನ ಕೈಯಲ್ಲಿ ಸೇಡಿನ ಕತ್ತರಿ ಇರುತ್ತದೆಂಬುದನ್ನು ಮೊದಲನೆಯವನು ನೆನಪಿಟ್ಟುಕೊಂಡರೆ ಕೆಲಸ ಚೆನ್ನಾಗಿ ಆಗುತ್ತದೆ.

ಉಪಕರಣಗಳಲ್ಲಿ ಮೊದಲನೆಯದು ಕತ್ತರಿ. ಅಡಿಗೆಮನೆಯ ಕತ್ತರಿ, ಹೊಲಿಗೆಯ ಕತ್ತರಿ, ಚಿತ್ರಕಲೆಯ ತರಗತಿಯ ಕತ್ತರಿ, ಇವುಗಳಲ್ಲಿ ಯಾವುದೂ ಇದಕ್ಕೆ ಒದಗುವುದಿಲ್ಲ. ಕೂದಲು ಗಟ್ಟಿಯಾದುದು, ನುಣುಪಾದುದು. ಮೊಂಡು ಅಲಗುಗಳ ನಡುವೆ ಸಿಕ್ಕಿದಾಗ ತುಂಡಾಗುವ ಬದಲು ಮಡಿಚಿಕೊಂಡು ಮುಂದಕ್ಕೆ ಜಾರುತ್ತದೆ. ನೇರವಾಗಿ ಕತ್ತರಿಸಲು ಹೊರಟ ಗೆರೆ ಇಲಿ ಕಡಿದಂತಾಗುವುದು ಇದರಿಂದಲೇ. ಕ್ಷೌರದ ಕತ್ತರಿ ಉದ್ದವೂ ತೆಳುವೂ ಹರಿತವೂ ಆಗಿರುತ್ತದೆ. ಅದನ್ನು ಹಿಡಿಯುವ ಕ್ರಮವೂ ಬೇರೆ. ಒಂದು ಉಂಗುರದಲ್ಲಿ ಹೆಬ್ಬೆರಳು, ಇನ್ನೊಂದರಲ್ಲಿ ಉಂಗುರದ ಬೆರಳು. ಚಲಿಸುವುದು ಹೆಬ್ಬೆರಳಿನ ಅಲಗು ಮಾತ್ರ, ಇನ್ನೊಂದು ಅಲಗು ಗೆರೆ ಎಳೆದಂತೆ ಅಲುಗದೆ ನಿಂತಿರುತ್ತದೆ. ಆ ನಿಶ್ಚಲವಾದ ಅಲಗೇ ಕತ್ತರಿಸುವ ಗೆರೆಯನ್ನು ನಿರ್ಣಯಿಸುತ್ತದೆ. ಕಾಗದ ಕತ್ತರಿಸುವಾಗ ನಾವು ಎರಡು ಅಲಗುಗಳನ್ನೂ ಆಡಿಸುತ್ತೇವೆ. ಹೆಬ್ಬೆರಳೊಂದನ್ನೇ ಆಡಿಸಲು ಐದು ನಿಮಿಷ ಪ್ರಯತ್ನಿಸಿದರೆ ಸಾಕು, ಈ ಕೈಚಳಕಕ್ಕೆ ವರ್ಷಗಳ ಅಭ್ಯಾಸ ಏಕೆ ಬೇಕೆಂದು ತಿಳಿಯುತ್ತದೆ.

ಎರಡನೆಯದು ಎಲ್ಲರೂ ‘ಮಿಷನ್’ ಎಂದು ಕರೆಯುವ ಕ್ಷೌರಯಂತ್ರ. ಅದರ ಮೂತಿಯಲ್ಲಿ ಹಲ್ಲಿನ ಸಾಲುಗಳು ಎರಡು. ಒಂದು ಸ್ಥಿರ, ಇನ್ನೊಂದು ಅದರ ಮೇಲೆ ಎಡಕ್ಕೂ ಬಲಕ್ಕೂ ಅತಿ ವೇಗವಾಗಿ ಓಡಾಡುತ್ತದೆ. ಒಂದೊಂದು ಹಲ್ಲಿನ ಜೋಡಿಯೂ ಒಂದೊಂದು ಪುಟ್ಟ ಕತ್ತರಿಯೇ. ಹಿಂದೆ ಇದನ್ನು ಕೈಯಿಂದ ಅಮುಕಿ ನಡೆಸುತ್ತಿದ್ದರು. 1919ರಲ್ಲಿ ಅಮೆರಿಕದ ಲಿಯೋ ವಾಲ್ ಎಂಬಾತ ವಿದ್ಯುತ್ತಿನಿಂದ ಓಡುವ ಯಂತ್ರಕ್ಕೆ ಹಕ್ಕುಪತ್ರ ಕೋರಿದ. ಯಂತ್ರಕ್ಕೆ ಸಿಕ್ಕಿಸುವ ಬಾಚಣಿಗೆಗಳ ಮೇಲೆ ಅಂಕಿಗಳಿರುತ್ತವೆ. ಸಾಮಾನ್ಯವಾಗಿ 1 ಎಂದರೆ 3 ಮಿಲಿಮೀಟರು, 2 ಎಂದರೆ 6, 3 ಎಂದರೆ 10, 4 ಎಂದರೆ 13 ಮಿಲಿಮೀಟರು ಕೂದಲು ಉಳಿಯುತ್ತದೆ. ಅಂಕಿ ಕತ್ತರಿಸುವ ಅಳತೆಯಲ್ಲ, ಉಳಿಸುವ ಅಳತೆ. ಇದನ್ನು ತಲೆಕೆಳಗಾಗಿ ತಿಳಿದವರು ‘ಸ್ವಲ್ಪವೇ ತೆಗೆಯೋಣ’ ಎಂದು 1ನ್ನು ಸಿಕ್ಕಿಸಿ ತಲೆಯ ಮೇಲೆ ಬಯಲನ್ನೇ ತೆರೆಯುತ್ತಾರೆ.

ಸ್ಥಳ ಬೆಳಕಿರುವಲ್ಲಿ ಇರಬೇಕು. ಚಾಳಿನವರಿಗೆ ಗ್ಯಾಲರಿಯೇ ಪ್ರಶಸ್ತ, ಆದರೆ ನೆರೆಹೊರೆಯವರ ಸಲಹೆ ಉಚಿತವಾಗಿ ದೊರೆಯುವುದೊಂದು ತೊಂದರೆ. ಎತ್ತರದ ಸ್ಟೂಲು, ಕೊರಳಿಗೆ ಹಳೆಯ ದುಪ್ಪಟಿ, ಅದು ಜಾರದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು, ನೆಲಕ್ಕೆ ಹಳೆಯ ಪತ್ರಿಕೆ, ಇಷ್ಟಿದ್ದರೆ ಸಾಕು. ಹಿಂದಿನ ದಿನವೇ ತಲೆ ತೊಳೆದು ಎಣ್ಣೆಯ ಜಿಡ್ಡನ್ನು ತೆಗೆದಿರಬೇಕು. ಎಣ್ಣೆಗೂದಲು ಯಂತ್ರದ ಹಲ್ಲುಗಳಿಗೆ ಅಂಟುತ್ತದೆ. ಕತ್ತರಿ ಎತ್ತುವ ಮೊದಲು ಐದು ನಿಮಿಷ ಬಾಚುತ್ತ ತಲೆಯನ್ನು ಓದಬೇಕು. ಕೂದಲು ಯಾವ ಕಡೆಗೆ ಒರಗುತ್ತದೆ, ಹಿಂದಲೆಯ ಉಬ್ಬು ಎಲ್ಲಿ ತಿರುಗುತ್ತದೆ, ಸುಳಿ ಎಲ್ಲಿದೆ ಎಂಬುದನ್ನು ನೋಡಿಕೊಳ್ಳಬೇಕು. ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂದು ನಮ್ಮ ಹಿರಿಯರು ನಗೆಯಾಡುವುದುಂಟು. ಮದುವೆಯ ಮಾತು ಹೇಗೇ ಇರಲಿ, ಎರಡು ಸುಳಿಯ ತಲೆಯನ್ನು ಕತ್ತರಿಸುವವರಿಗೆ ಎರಡು ಪಾಲು ಕೆಲಸವೆಂಬುದು ನಿಜ. ಸುಳಿಯ ಸುತ್ತ ಕೂದಲು ಹುಟ್ಟುವಾಗಲೇ ಓರೆಯಾಗಿ ಹುಟ್ಟುತ್ತದೆ. ಗಿಡ್ಡವಾಗಿ ಕತ್ತರಿಸಿದರೆ ಭಾರ ಸಾಲದೆ ಸೆಟೆದು ನಿಲ್ಲುತ್ತದೆ. ಅಲ್ಲಿ ಬೇರೆಡೆಗಿಂತ 1 ಸೆಂಟಿಮೀಟರು ಹೆಚ್ಚಾಗಿಯೇ ಬಿಡಬೇಕು.

ಯಂತ್ರದ ಕೆಲಸ ಹಿಂಗತ್ತಿನಿಂದ ಪ್ರಾರಂಭವಾಗಲಿ. ಮೊದಲಿಗೆ 4ನೆಯ ಬಾಚಣಿಗೆಯನ್ನೇ ಸಿಕ್ಕಿಸಿ, ಅದು ಭದ್ರವಾಗಿ ಕೂತಿದೆಯೇ ಎಂದು ಬೆರಳಿನಿಂದ ಎಳೆದು ನೋಡಬೇಕು. ನಡುವೆ ಕಳಚಿ ಬಿದ್ದರೆ ಅಲ್ಲೊಂದು ಬೋಳು ದಾರಿ ಬಿದ್ದಂತೆಯೇ. ಕೂದಲು ಬೆಳೆಯುವ ದಿಕ್ಕಿಗೆ ಎದುರಾಗಿ, ಕೆಳಗಿನಿಂದ ಮೇಲಕ್ಕೆ, ಅವಸರವಿಲ್ಲದೆ ಸಾಗಬೇಕು. ತಲೆಯ ಉಬ್ಬು ಬಂದೊಡನೆ ಯಂತ್ರವನ್ನು ತಲೆಗೆ ಒತ್ತದೆ, ನೆಲ ಬಿಟ್ಟೇಳುವ ವಿಮಾನದಂತೆ ನಿಧಾನವಾಗಿ ಹೊರಕ್ಕೆ ಎತ್ತಿಬಿಡಬೇಕು. ಕೆಳಗಿನ ಗಿಡ್ಡಕೂದಲು ಮೇಲಿನ ಉದ್ದಕೂದಲಿನೊಡನೆ ಮೆಟ್ಟಿಲು ಕಾಣದಂತೆ ಬೆರೆಯುವ ಗುಟ್ಟೆಲ್ಲ ಈ ಎತ್ತುವಿಕೆಯಲ್ಲಿದೆ. ಎತ್ತದೆ ನೆತ್ತಿಯವರೆಗೆ ಓಡಿಸಿದರೆ ತಲೆ ತೆಂಗಿನಕಾಯಿಯಾಗುತ್ತದೆ. ತಟ್ಟನೆ ಎತ್ತಿದರೆ ತಲೆಯ ಮೇಲೆ ಬೋಗುಣಿ ಕವುಚಿದಂತೆ ಅಂಚು ನಿಲ್ಲುತ್ತದೆ. 4ರಲ್ಲಿ ಸಾಲದೆಂದು ತೋರಿದರೆ 3ಕ್ಕೆ ಇಳಿಯಬಹುದು. 2ರಿಂದ ಹೊರಟವರಿಗೆ 4ಕ್ಕೆ ಏರುವ ದಾರಿಯಿಲ್ಲ.

ಕಿವಿಯ ಸುತ್ತ ಕೆಲಸ ಮಾಡುವಾಗ ಕುಳಿತವನೇ ತನ್ನ ಕಿವಿಯನ್ನು ಮಡಿಚಿ ಹಿಡಿದುಕೊಳ್ಳಲಿ. ನೆತ್ತಿಯ ಕೂದಲಿಗೆ ಯಂತ್ರ ಬೇಡ. ಬಾಚಣಿಗೆಯಿಂದ ಒಂದು ತೆಳ್ಳನೆಯ ಪದರವನ್ನು ಎತ್ತಿ, ತೋರುಬೆರಳು ಮತ್ತು ನಡುಬೆರಳುಗಳ ನಡುವೆ ಹಿಡಿದು, ಬೆರಳಿನ ಮೇಲೆ ಉಳಿದ ತುದಿಯನ್ನು ಕತ್ತರಿಸಬೇಕು. ಮುಂದಿನ ಪದರವನ್ನು ಹಿಡಿಯುವಾಗ ಹಿಂದೆ ಕತ್ತರಿಸಿದ ಕೆಲವು ಎಳೆಗಳನ್ನೂ ಸೇರಿಸಿ ಹಿಡಿದರೆ ಅವೇ ಅಳತೆಗೋಲಾಗುತ್ತವೆ. ಹೀಗೆ ಒಂದಕ್ಕೊಂದು ಸಾಕ್ಷಿಯಾಗಿ ತಲೆಯನ್ನೆಲ್ಲ ಸುತ್ತಿಬರಬಹುದು. ಕತ್ತರಿಸುವವರು ಆಗಾಗ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ನೋಡಬೇಕು. ಸ್ವಹಸ್ತ ಕ್ಷೌರದಲ್ಲಿ ಎಂದಿಗೂ ದೊರೆಯದ ಸೌಲಭ್ಯ ಇದೇ; ತನ್ನ ತಲೆಯಿಂದ ನಾಲ್ಕು ಹೆಜ್ಜೆ ದೂರ ಹೋಗುವ ಶಕ್ತಿ ಯಾರಿಗೂ ಇಲ್ಲ. ‘ಅಣ್ಣಾ, ಸಾಕು’ ಎಂದು ಕುಳಿತವನು ಹೇಳಿದರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಇನ್ನೊಂದಿಷ್ಟು ಸರಿಮಾಡುತ್ತೇನೆಂಬ ಉತ್ಸಾಹವೇ ಎಷ್ಟೋ ತಲೆಗಳನ್ನು ಕೆಡಿಸಿದೆ.

ಹೆಣ್ಣುಮಕ್ಕಳ ಕೂದಲಿನಲ್ಲಿ ಅಪಾಯ ಬೇರೆ ಬಗೆಯದು. ಕೂದಲನ್ನೆಲ್ಲ ಹಿಂದೆ ಒಂದೇ ಜುಟ್ಟಾಗಿ ಕಟ್ಟಿ, ಗಂಟಿನ ಕೆಳಗೆ ನೇರವಾಗಿ ಕತ್ತರಿಸಿದರೆ ತುದಿಗಳೆಲ್ಲ ಸಮವಾಗುತ್ತವೆಂದು ತೋರುತ್ತದೆ. ಬಿಚ್ಚಿದಾಗ ಸಮವಾಗಿರುವುದಿಲ್ಲ. ಹಣೆಯ ಬಳಿ ಹುಟ್ಟಿದ ಎಳೆಯು ಗಂಟನ್ನು ಸೇರಲು ತಲೆಯನ್ನೆಲ್ಲ ಸುತ್ತಿ ಬಂದಿದೆ. ಹಿಂಗತ್ತಿನ ಎಳೆ ನಡೆದದ್ದು ಎರಡು ಬೆರಳಿನ ದಾರಿ. ಗಂಟಿನ ಬಳಿ ಒಟ್ಟಿಗೆ ನಿಂತವರು ಊರಿಗೆ ಮರಳಿದ ಮೇಲೆ ಒಂದೊಂದು ದೂರದಲ್ಲಿ ಕಾಣುತ್ತಾರೆ. ತುದಿ ಸೀಳಿದ ಕೂದಲನ್ನು ತೆಗೆಯುವುದಷ್ಟೇ ಉದ್ದೇಶವಾದರೆ, ಕೂದಲನ್ನು ಬೆನ್ನ ಮೇಲೆ ಹರಡಿ, ತಾಯಿಯೋ ಅಕ್ಕನೋ ಕೆಳಗಿನ ಒಂದು ಬೆರಳಿನಷ್ಟನ್ನು ನೇರವಾಗಿ ತೆಗೆದರೆ ಸಾಕು. ಹಣೆಯ ಮೇಲಿನ ಕೂದಲಿನ ವಿಷಯದಲ್ಲಿ ಹಿಂದೆ ಹೇಳಿದ ನೀರಿನ ಮೋಸವನ್ನು ಮರೆಯಬಾರದು. ಮೂಗಿನ ಮಟ್ಟಕ್ಕೆ ಕತ್ತರಿಸಿ ನಿಲ್ಲಿಸಿದರೆ ಮರುದಿನ ಮತ್ತೆ ಯೋಚಿಸಲು ಅವಕಾಶ ಉಳಿಯುತ್ತದೆ.

ಒಂದು ವಿಷಯದಲ್ಲಿ ಹಾಸ್ಯ ಸಲ್ಲದು. ಹಿಂಗತ್ತಿನ ಅಂಚನ್ನು ತೀಡಲು ಬರಿಯ ಬ್ಲೇಡನ್ನು ಮಕ್ಕಳು ಮುಟ್ಟಲೇಬಾರದು. ಒಬ್ಬರಿಗೆ ಬಳಸಿದ ಬ್ಲೇಡನ್ನು ಇನ್ನೊಬ್ಬರಿಗೆ ಬಳಸಿದರೆ ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಎಂಬ ಯಕೃತ್ತಿನ ರೋಗಗಳು ಹರಡಬಲ್ಲವು. ಸಲೂನಿನಲ್ಲಿಯೂ ಹೊಸ ಬ್ಲೇಡು ಹಾಕಿದರೇ ಎಂದು ನೋಡಿಕೊಳ್ಳುವುದರಲ್ಲಿ ಸಂಕೋಚ ಬೇಡ. ಹುಳುಕಡ್ಡಿಯ ಶಿಲೀಂಧ್ರವು ಬಾಚಣಿಗೆ, ಯಂತ್ರಗಳ ಮೂಲಕ ಒಂದು ತಲೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಯಂತ್ರದ ಹಲ್ಲುಗಳನ್ನು ಒಂದೊಂದು ತಲೆಯಾದ ಮೇಲೂ ಬ್ರಷ್ಷಿನಿಂದ ಉಜ್ಜಿ, ಸ್ಪಿರಿಟ್ಟಿನಿಂದ ಒರಸಿ, ಕಡೆಗೆ ಎರಡು ಹನಿ ಎಣ್ಣೆ ಬಿಡಬೇಕು.

ಮನೆಯಲ್ಲಿ ಒಂದು ತಲೆಯನ್ನು ಮುಗಿಸಲು ಹೊಸಬರಿಗೆ ಒಂದೂವರೆ ಗಂಟೆಯಾದರೂ ಹಿಡಿಯುತ್ತದೆ. ಕಸುಬುದಾರರು ಅದನ್ನು ಇಪ್ಪತ್ತು ನಿಮಿಷಗಳಲ್ಲಿ ಮುಗಿಸಿ, ನಡುವೆ ಕ್ರಿಕೆಟ್ಟಿನ ಮಾತನ್ನೂ ಆಡುತ್ತಾರೆ. ಇಂತಹ ಕೆಲಸ ಬಲ್ಲವರನ್ನು ನಮ್ಮ ಸಮಾಜ ಯಾವ ಮಾತಿನಿಂದ ಕರೆಯುತ್ತ ಬಂದಿದೆಯೆಂಬುದನ್ನು ನೆನೆದರೆ ನಾಚಿಕೆಯಾಗುತ್ತದೆ. ‘ಹಜಾಮ’ ಎಂಬ ಮಾತು ಅರಬ್ಬೀ ಭಾಷೆಯಿಂದ ಬಂದುದು; ಅಲ್ಲಿ ಅದಕ್ಕೆ ಬಟ್ಟಲಿಟ್ಟು ಕೆಟ್ಟ ರಕ್ತವನ್ನು ತೆಗೆಯುವ ಚಿಕಿತ್ಸಕನೆಂದು ಅರ್ಥ. ವೈದ್ಯನ ಹೆಸರಾಗಿದ್ದ ಆ ಮಾತನ್ನು ನಾವು ಬೈಗುಳವನ್ನಾಗಿ ಮಾಡಿದೆವು. ಆಟದ ಬಯಲಿನಲ್ಲಿ ಕ್ಯಾಚು ಬಿಟ್ಟವನನ್ನು ಇಂದಿಗೂ ಹಾಗೆ ಬೈಯುವವರಿದ್ದಾರೆ. ಆ ಕಸುಬಿನವರ ಮಕ್ಕಳು ನಮ್ಮ ಜೊತೆಯಲ್ಲಿಯೇ ಅದೇ ಬೆಂಚಿನ ಮೇಲೆ ಕುಳಿತಿರುತ್ತಾರೆಂಬ ಪರಿವೆ ಬೈಯುವವನಿಗಿರುವುದಿಲ್ಲ. ಕನ್ನಡ ನಾಡಿನಲ್ಲಿ ಅವರಿಗೆ ಸವಿತಾ ಸಮಾಜದವರು, ಹಡಪದರು, ಕರಾವಳಿಯಲ್ಲಿ ಭಂಡಾರಿಗಳು ಎಂದು ಬೇರೆಬೇರೆ ಹೆಸರುಗಳುಂಟು. ಹಡಪವೆಂದರೆ ಚೀಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರು ವಚನಕಾರರು, ಅವರ ಪತ್ನಿ ಲಿಂಗಮ್ಮನವರೂ ವಚನಕಾರ್ತಿ. ನಾವು ನೆಲೆಸಿರುವ ಈ ಮರಾಠಿ ನಾಡಿನಲ್ಲಿ ಸೇನಾ ನ್ಹಾವಿ ಎಂಬ ಸಂತರು ಇದೇ ಕಾಯಕದವರು. ಅವರ ಅಭಂಗಗಳನ್ನು ವಾರಕರಿಗಳು ಹಾಡುತ್ತಾರೆ.

ನಮ್ಮ ಮುಂಬಯಿಯಲ್ಲಿಯೇ ಈ ಕತ್ತರಿ ಒಮ್ಮೆ ಇತಿಹಾಸವನ್ನು ನಿರ್ಮಿಸಿದೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳ ತಲೆಯನ್ನು ಬೋಳಿಸುವ ಕ್ರೂರ ಪದ್ಧತಿ ಕೆಲವು ಜಾತಿಗಳಲ್ಲಿದ್ದ ಕಾಲವದು. 1890ರಲ್ಲಿ, ಜೋತಿಬಾ ಫುಲೆಯವರ ಅನುಯಾಯಿಯೂ ಗಿರಣಿ ಕಾರ್ಮಿಕರ ಮುಂದಾಳೂ ಆಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ನಗರದ ನೂರಾರು ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆಯನ್ನು ಬೋಳಿಸುವುದಿಲ್ಲವೆಂದು ನಿಶ್ಚಯಿಸಿದರು. ಬಲ್ಲಿದರೆನಿಸಿಕೊಂಡವರು ಬಾಯಿ ಬಿಡಲು ಅಂಜುತ್ತಿದ್ದ ಸಂಗತಿ ಅದು. ಒಂದೊಂದು ತಲೆಗೂ ದೊರೆಯುತ್ತಿದ್ದ ಕೂಲಿಯನ್ನು ಬಿಟ್ಟುಕೊಟ್ಟು ಅವರು ಕತ್ತಿಯನ್ನು ಹಡಪದೊಳಗಿಟ್ಟರು. ಒಬ್ಬರ ತಲೆ ಇನ್ನೊಬ್ಬರ ಕೈಯಲ್ಲಿದ್ದಾಗ ಆ ಕೈಗೂ ಒಂದು ಮನಸ್ಸಿರುತ್ತದೆಂಬುದನ್ನು ನಗರವು ಅಂದು ಕಂಡಿತು.

2020ರ ಆ ದಿನಗಳಲ್ಲಿ ಮನೆಯವರ ತಲೆಗಳು ಹೇಗೋ ಒಪ್ಪವಾದವು; ದಿನದ ದುಡಿಮೆಯನ್ನೇ ನಂಬಿದ್ದ ಸಲೂನಿನವರ ಮನೆಗಳಲ್ಲಿ ಮೂರು ತಿಂಗಳು ಕತ್ತರಿಯೂ ಆಡಲಿಲ್ಲ, ಕಾಸೂ ಆಡಲಿಲ್ಲ. ಎಷ್ಟೋ ಮಂದಿ ಊರುಗಳಿಗೆ ಹೊರಟುಹೋದರು. ಆದುದರಿಂದ ಮನೆಯಲ್ಲಿ ಕಲಿತ ಈ ವಿದ್ಯೆಯನ್ನು ತುರ್ತಿನ ಕಾಲಕ್ಕೆಂದು ಇಟ್ಟುಕೊಳ್ಳುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ. ತುರ್ತುಗಳಿಗೇನೂ ಕೊರತೆಯಿಲ್ಲ. ಕರ್ನಾಟಕದಲ್ಲಿ ಸಲೂನುಗಳಿಗೆ ಮಂಗಳವಾರ ರಜೆಯ ವಾಡಿಕೆ, ಮುಂಬಯಿಯಲ್ಲಿ ಸೋಮವಾರ. ಊರಿನ ನೇಮವನ್ನೂ ನಗರದ ನೇಮವನ್ನೂ ಪಾಲಿಸುವ ನಮ್ಮ ಮನೆಗಳಲ್ಲಿ ವಾರಕ್ಕೆ ಎರಡು ದಿನ ಕತ್ತರಿಗೆ ಬಿಡುವು.

ಕೆಲಸ ಮುಗಿದ ಮೇಲೆ ಕೂದಲನ್ನು ಮೋರಿಗೆ ನೂಕಬಾರದು. ಕೆರಟಿನ್ ನೀರಿನಲ್ಲಿ ಕರಗುವುದಿಲ್ಲ. ಸಾಬೂನಿನ ಜಿಡ್ಡಿನೊಡನೆ ಹೆಣೆದುಕೊಂಡು ಕೊಳವೆಯನ್ನು ಕಟ್ಟುತ್ತದೆ, ಕೆಳಗಿನ ಮಹಡಿಯವರು ಮೇಲೆ ಬಂದು ಬಾಗಿಲು ತಟ್ಟುತ್ತಾರೆ. ಒಣಗಿರುವಾಗಲೇ ಗುಡಿಸಿ ಪತ್ರಿಕೆಯಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಬೇಕು. ಕೊರಳಿಗೆ ಅಂಟಿದ ತುಣುಕುಗಳನ್ನು ಒದ್ದೆ ಬಟ್ಟೆಯಿಂದ ಉಜ್ಜದೆ, ಪೌಡರು ಹಾಕಿ ಒಣ ಬಟ್ಟೆಯಿಂದ ಕೊಡವಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕನ್ನಡಿ ಒಪ್ಪದಿದ್ದರೆ ಮರುದಿನ ಸಲೂನಿಗೆ ಹೋಗಲು ಅಂಜಬೇಕಾಗಿಲ್ಲ. ಅವರು ಇಂತಹ ತಲೆಗಳನ್ನು ಬಹಳ ನೋಡಿದ್ದಾರೆ. ತಲೆಯ ಸುತ್ತ ಒಮ್ಮೆ ಬೆರಳಾಡಿಸಿ, ಎಲ್ಲಕ್ಕಿಂತ ಗಿಡ್ಡವಾಗಿರುವ ಜಾಗ ಯಾವುದೆಂದು ಹುಡುಕುತ್ತಾರೆ. ಉಳಿದ ಕೂದಲನ್ನೆಲ್ಲ ಅದಕ್ಕೆ ಹೊಂದಿಸಬೇಕಲ್ಲವೆ? ಅಲ್ಲಿ ಒಂದು ಬೆರಳಿನಷ್ಟು ಉಳಿದಿದ್ದರೆ ತಲೆಗೆ ಕ್ರಾಪಿನ ರೂಪ ಬರುತ್ತದೆ. ಏನೂ ಉಳಿದಿರದಿದ್ದರೆ ತಿಂಗಳಿಗೆ 1 ಸೆಂಟಿಮೀಟರಿನ ಲೆಕ್ಕದಲ್ಲಿ ಕಾಯಬೇಕು, ಟೋಪಿಯನ್ನು ಹಿಂದಿನ ಬೆಂಚಿನವರಿಂದ ಕಾಪಾಡಿಕೊಳ್ಳಬೇಕು.